ಅಂಗೈ ಹುಣ್ಣಿಗೆ ಮಲ್ಟಿಮೀಟರ್

ಒಂದೇ ಕಾರು, ಒಂದೇ ಸೀಟು, ಎಡಗಡೆಯ ಒಂದೇ ಕನ್ನಡಿ. ನಾನು ನೋಡಿದರೆ ಹಿಂದಿನ ರಸ್ತೆ ಕಾಣುತ್ತದೆ, ನನ್ನ ಹೆಂಡತಿ ನೋಡಿದರೆ ತೆಂಗಿನ ಗರಿ ಕಾಣುತ್ತದೆ. ಇದರಲ್ಲಿ ವೇದಾಂತವೇನೂ ಇಲ್ಲ. ನಾನು ಐದಡಿ ಹನ್ನೊಂದಿಂಚು, ಅವಳು ಐದಡಿ ಒಂದಿಂಚು. ಕನ್ನಡಿ ಇದ್ದಲ್ಲೇ ಇದ್ದು ಕಣ್ಣು ಮಾತ್ರ ಕೆಳಗಿಳಿದರೆ ನೋಟ ಮೇಲೇರುತ್ತದೆ, ಅಷ್ಟೇ. ಹಾಗಾಗಿ ನನಗೆ ಹೊಂದಿಸಿದ ಕನ್ನಡಿ ಅವಳಿಗೆ ಸ್ವರ್ಗ ತೋರಿಸುತ್ತದೆ. ಅವಳಿಗೆ ಹೊಂದಿಸಿದ್ದು ನನಗೆ ಹಿಂದಿನ ಚಕ್ರ, ಚರಂಡಿಯ ಕಲ್ಲು, ಕಲ್ಲಿನ ಮೇಲೆ ಮಲಗಿದ ನಾಯಿ, ಇಷ್ಟನ್ನು ತೋರಿಸುತ್ತದೆ.

ಹತ್ತು ವರ್ಷದಿಂದ ಈ ಭಿನ್ನಾಭಿಪ್ರಾಯವನ್ನು ದಿನಾ ಬಗೆಹರಿಸುತ್ತಿದ್ದದ್ದು ಡ್ರೈವರ್ ಬಾಗಿಲಲ್ಲಿರುವ ಒಂದು ಪುಟ್ಟ ಸ್ವಿಚ್ಚು. ಎಡಕ್ಕೆ ತಿರುಗಿಸಿದರೆ ಎಡಗನ್ನಡಿ, ಬಲಕ್ಕೆ ತಿರುಗಿಸಿದರೆ ಬಲಗನ್ನಡಿ, ನಡುವೆ ಬಿಟ್ಟರೆ ಯಾರ ತಂಟೆಗೂ ಹೋಗುವುದಿಲ್ಲ. ಆಮೇಲೆ ಬೆರಳಲ್ಲಿ ಮೇಲೆ, ಕೆಳಗೆ, ಆಚೆ, ಈಚೆ ಒತ್ತಿದರೆ ಸಾಕು, ಹೊರಗಡೆ ಗಾಜು ಗುಂಯ್ ಎಂದು ತಿರುಗುತ್ತದೆ. ಮದುವೆ ಉಳಿಸುವ ಯಂತ್ರಗಳಲ್ಲಿ ಮಿಕ್ಸಿಯ ನಂತರದ ಸ್ಥಾನ ಇದಕ್ಕೇ ಎಂದು ನನ್ನ ಎಣಿಕೆ.

ಒಂದು ಸೋಮವಾರ ಬೆಳಿಗ್ಗೆ ಅವಳು ಗೇಟಿನಿಂದಲೇ ಕೂಗಿದಳು: "ರೀ, ಎಡಗಡೆ ಕನ್ನಡಿ ಅಲ್ಲಾಡ್ತಿಲ್ಲ!"

ನಾನು ಹೋಗಿ ಕೂತು ನೋಡಿದೆ. ಹಿಂದಿನ ರಸ್ತೆ ಲಕ್ಷಣವಾಗಿ ಕಾಣುತ್ತಿತ್ತು. "ಸರಿಯಾಗೇ ಇದೆಯಲ್ಲ!"

"ನಿಮಗೆ ಸರಿಯಾಗಿದೆ. ನನಗೆ ತೆಂಗಿನ ಮರ ಕಾಣ್ತಿದೆ."

"ಮತ್ತೆ? ಮರ ಇದೆ, ಕಾಣತ್ತೆ" ಎಂದೆ. ಅಲ್ಲಿಗೆ ಆ ವಿಷಯ ನನ್ನ ಮಟ್ಟಿಗೆ ಮುಗಿಯಿತು. ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿಕೊಂಡು ಇಪ್ಪತ್ತಾರು ವರ್ಷ ಕಳೆದವನು ನಾನು. ತಕ್ಷಣ ಇತ್ಯರ್ಥವಾಗದ ಆಕ್ಷೇಪಣೆಯನ್ನು ಮುಂದಿನ ವರ್ಷದ ವರದಿಗೆ ದಾಟಿಸುವುದು ನಮ್ಮಲ್ಲಿ ಕಲೆಯೆಂದೇ ಪರಿಗಣಿತ.

ನಾಲ್ಕು ದಿನ ಅವಳು ತೆಂಗಿನ ಗರಿ ನೋಡಿಕೊಂಡೇ ಹನುಮಂತನಗರದಿಂದ ಜಯನಗರಕ್ಕೆ ಹೋಗಿಬಂದಳು. ಗುರುವಾರ ಅಮ್ಮನನ್ನು ಮಂಡಿನೋವಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಶುಕ್ರವಾರ ನಾನು ಕಾರು ಹತ್ತಿ ಕನ್ನಡಿ ನೋಡಿದರೆ ರಸ್ತೆ ಮಾಯ. ಚಕ್ರ, ಕಲ್ಲು, ನಾಯಿ.

ಆಗ ಗೊತ್ತಾಯಿತು, ಇದು ಗಂಭೀರ ದೋಷ ಎಂದು.

ಬೇರೆ ಊರಲ್ಲಾಗಿದ್ದರೆ ಎಡಗನ್ನಡಿ ಇಲ್ಲದೆಯೂ ಬದುಕಬಹುದಿತ್ತೇನೋ. ಬೆಂಗಳೂರಿನಲ್ಲಿ ಸ್ಕೂಟರಿನವರು ಎಡಗಡೆಯಿಂದ ಹುಟ್ಟುತ್ತಾರೆ. ಅವರು ಹುಟ್ಟುವುದನ್ನು ನೋಡಲಿಕ್ಕೇ ಆ ಕನ್ನಡಿ ಇರುವುದು. ಬಲಗನ್ನಡಿ ಕೆಟ್ಟರೆ ಗಾಜು ಇಳಿಸಿ ಕೈಯಿಂದಲೇ ತಳ್ಳಬಹುದು. ಎಡಗಡೆಯದಕ್ಕೆ ಕೈ ಎಟುಕುವುದಿಲ್ಲ. ಲಾರಿಯವರು ಜಾಣರು. ಅವರ ಎಡಗನ್ನಡಿ ಒಡೆದಿದ್ದರೂ ಕ್ಲೀನರ್ ಬಾಗಿಲು ಬಡಿದು "ರೈಟ್ ರೈಟ್, ಬರ್ಲಿ ಬರ್ಲಿ" ಎನ್ನುತ್ತಾನೆ. ಅವನಿಗೆ ಫ್ಯೂಸಿಲ್ಲ, ವೈರಿಲ್ಲ, ಟೀ ಕೊಟ್ಟರೆ ಸಾಕು.

ಸಂಜೆ ಮನೆಯಲ್ಲಿ ವಿಚಾರಣೆ ಕರೆದೆ. "ಯಾರು ಕನ್ನಡೀನ ಕೈಯಲ್ಲಿ ತಳ್ಳಿದ್ದು?"

"ನಾನಂತೂ ಮುಟ್ಟಿಲ್ಲ" ಎಂದಳು ಹೆಂಡತಿ. "ನಿನ್ನೆ ಆಸ್ಪತ್ರೆ ಹತ್ರ ಅತ್ತೆ ಇಳೀತಿದ್ರು. ಹಿಂದಿನವನು ಹಾರ್ನ್ ಮೇಲೆ ಹಾರ್ನ್. ನಾನು ಸಿಟ್ಟಲ್ಲಿ ಸ್ವಿಚ್ ಒತ್ತುತ್ತಾ ಕೂತಿದ್ದೆ, ಅದೇ ಸರಿಹೋಯ್ತು. ಇವತ್ತು ಮತ್ತೆ ಸತ್ತಿದೆ."

ಹಾಸುಗಂಬಳಿಯ ಮೇಲೆ ಕಾಲು ನೀಡಿ ಕೂತಿದ್ದ ಅಮ್ಮ ಬತ್ತಿ ಹೊಸೆಯುತ್ತಲೇ ಹೇಳಿದಳು: "ಹೌದು ಕಣೋ, ನಾನು ಬಾಗಿಲು ತೆಗೆದು ಇಳೀವಾಗ ಅದು ತಲೆ ಬಗ್ಗಿಸ್ತು. ಬಾಗಿಲು ಹಾಕಿದ ಮೇಲೆ ಸುಮ್ಮನಾಯ್ತು."

"ಅಮ್ಮಾ, ಬಾಗಿಲಿಗೂ ಕನ್ನಡಿಗೂ ಏನು ಸಂಬಂಧ? ನಿನ್ನ ಕನ್ನಡಕದ ನಂಬರ್ ಬದಲಾಯಿಸಬೇಕು" ಎಂದೆ.

ಓದುಗರು ಈ ಮಾತನ್ನು ಗುರುತು ಹಾಕಿಕೊಳ್ಳಲಿ. ಇಲ್ಲಿಗೆ ಲೇಖನ ಮುಗಿಯಬೇಕಿತ್ತು. ಆದರೆ ನಮ್ಮ ವೃತ್ತಿಯಲ್ಲಿ ಬಾಯಿಮಾತು ದಾಖಲೆಯಲ್ಲ. ಓಚರ್ ಎಲ್ಲಿ, ಸಹಿ ಎಲ್ಲಿ, ಅಂಕಿ ಎಲ್ಲಿ? ಅಂಕಿ ಬೇಕೆಂದರೆ ಮೀಟರ್ ಬೇಕು. ಶನಿವಾರ ಬೆಳಿಗ್ಗೆ ಎಸ್.ಪಿ. ರಸ್ತೆಗೆ ಹೋಗಿ ನಾನೂರು ರೂಪಾಯಿಗೆ ಒಂದು ಹಳದಿ ಮಲ್ಟಿಮೀಟರ್ ಕೊಂಡುತಂದೆ. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ವೀಟ್‌ಸ್ಟನ್ ಬ್ರಿಡ್ಜ್ ಮಾಡಿ ಮೂವತ್ತಕ್ಕೆ ಇಪ್ಪತ್ತೆಂಟು ತೆಗೆದವನೆಂದು ಮಗಳಿಗೆ ನೆನಪಿಸಿದೆ. ಅವಳೀಗ ಅದೇ ಪಿಯುಸಿ. "ಉತ್ತರ ಗೊತ್ತಿದ್ರೆ ರೀಡಿಂಗ್ ಬರೆಯೋದು ಸುಲಭ ಅಪ್ಪಾ" ಎಂದಳು. ಈಗಿನ ಮಕ್ಕಳಿಗೆ ಎಲ್ಲಾ ಗೊತ್ತು.

ಕಾರನ್ನು ಮನೆ ಮುಂದೆ ಬೀದಿಯಲ್ಲೇ ನಿಲ್ಲಿಸಿಕೊಂಡು ಕೆಲಸ ಶುರುಮಾಡಿದೆ. ಬೀದಿಯಲ್ಲಿ ಯಾರಾದರೂ ಕಾರಿನೊಳಗೆ ತಲೆ ಹಾಕಿ ಕಾಲು ಹೊರಗೆ ಬಿಟ್ಟರೆ ಐದು ನಿಮಿಷದಲ್ಲಿ ಸಲಹಾ ಸಮಿತಿ ನೆರೆಯುತ್ತದೆ. ಎದುರುಮನೆ ರಾಯರು "ಬ್ಯಾಟರಿ ಬದಲಾಯಿಸಿ" ಎಂದರು. ಮೂಲೆಮನೆಯವರು "ಸೆಲ್ಫ್ ಮೋಟಾರ್ ಬಿಚ್ಚಿಸಿ" ಎಂದರು. ಹಾಲಿನ ಹುಡುಗ "ಇಂಡಿಕೇಟರ್ ರಿಲೇ ಇರ್ಬೋದು ಅಂಕಲ್" ಎಂದ. ಪ್ರತಿಯೊಬ್ಬರೂ ತಮ್ಮ ಗಾಡಿಗೆ ಕಳೆದ ಸಲ ಏನು ಹಾಕಿಸಿದ್ದರೋ ಅದನ್ನೇ ನನ್ನ ಕಾರಿಗೂ ಬರೆದುಕೊಟ್ಟರು.

ನಾನು ಮಾತ್ರ ಶಾಸ್ತ್ರೋಕ್ತವಾಗಿ ಫ್ಯೂಸ್ ಬಾಕ್ಸಿನಿಂದ ಆರಂಭಿಸಿದೆ. ಅದು ಇರುವುದು ಸ್ಟೇರಿಂಗಿನ ಕೆಳಗೆ, ಮನುಷ್ಯರ ಕುತ್ತಿಗೆ ಬಗ್ಗದ ಜಾಗದಲ್ಲಿ. ಮುಚ್ಚಳ ತೆಗೆದರೆ ಗೌರಿಹಬ್ಬದ ಬಳೆ ಅಂಗಡಿ. ಕಂದು ಬಣ್ಣದ್ದು ಏಳೂವರೆ ಆಂಪಿಯರ್, ಕೆಂಪು ಹತ್ತು, ನೀಲಿ ಹದಿನೈದು, ಹಳದಿ ಇಪ್ಪತ್ತು, ಹಸಿರು ಮೂವತ್ತು. ಎಲ್ಲ ಕಂಪನಿ ಕಾರಿಗೂ ಬಣ್ಣದ ಲೆಕ್ಕ ಒಂದೇ. ಇಷ್ಟು ಶಿಸ್ತು ನಮ್ಮ ಸಂಘಗಳ ಲೆಜರಿನಲ್ಲಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಒಂದೊಂದನ್ನೇ ಚಿಮ್ಮಟದಲ್ಲಿ ಕಿತ್ತು, ಬಿಸಿಲಿಗೆ ಹಿಡಿದು, ಒಳಗಿನ ಎಳೆ ಸುಟ್ಟಿದೆಯೇ ನೋಡಿ, ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿದೆ. ಎಲ್ಲವೂ ಚೆನ್ನಾಗಿದ್ದವು. ವಾಪಸು ಹಾಕಬೇಕೆನ್ನುವಾಗ ಯಾವುದು ಯಾವ ಮನೆಯದೆಂದು ಮರೆತಿತ್ತು.

"ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು" ಎಂದಳು ಮಗಳು. "ಅಲ್ಲಾ ಅಪ್ಪಾ, ಬಲಗಡೆ ಕನ್ನಡಿ ತಿರುಗ್ತಿದೆ ತಾನೇ? ಎರಡಕ್ಕೂ ಒಂದೇ ಫ್ಯೂಸು, ಒಂದೇ ಸ್ವಿಚ್ಚು. ಒಂದು ಕೆಲಸ ಮಾಡ್ತಿದೆ ಅಂದ್ರೆ ಫ್ಯೂಸ್ ಬಾಕ್ಸ್ ತೆಗೆಯೋ ಅಗತ್ಯ ಏನಿತ್ತು?"

ಮೇಲಿನ ಪ್ರಶ್ನೆಗೆ ಇಪ್ಪತ್ತಾರು ವರ್ಷದ ಅನುಭವವುಳ್ಳ ಲೆಕ್ಕಪರಿಶೋಧಕನ ಉತ್ತರ: "ಸುಮ್ಮನೆ ಟಾರ್ಚ್ ಹಿಡಿ."

ಮುಚ್ಚಳದ ಒಳಮೈಯ ಚಿತ್ರ ನೋಡಿ ಹೇಗೋ ಫ್ಯೂಸುಗಳನ್ನು ತುಂಬಿದೆ. ಕನ್ನಡಿಗೆ ಕೈ ಹಾಕುವ ಮುಂಚೆ ಮೀಟರ್ ನಿಜ ಹೇಳುತ್ತದೆಯೇ ಎಂದು ಪರೀಕ್ಷಿಸಬೇಡವೇ? ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಎರಡು ಕಡ್ಡಿ ಚುಚ್ಚಿದೆ. ಚಟ್! ಒಂದು ಕಿಡಿ, ಒಂದು ವಾಸನೆ. ಹಾಡುತ್ತಿದ್ದ ರೇಡಿಯೋ ಗಪ್‌ಚಿಪ್. ಮೀಟರಿನ ಕೆಂಪು ವೈರನ್ನು ವೋಲ್ಟಿನ ತೂತಿಗೆ ಹಾಕುವ ಬದಲು ಹತ್ತು ಆಂಪಿಯರಿನ ತೂತಿಗೆ ಹಾಕಿದ್ದೆ. ಆ ತೂತಿಗೆ ಹಾಕಿದರೆ ಮೀಟರ್ ಮೀಟರಾಗಿರುವುದಿಲ್ಲ, ಬರೀ ತಂತಿಯಾಗುತ್ತದೆ. ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ನಾನು ನನ್ನ ಕೈಯಾರೆ ಸೇತುವೆ ಕಟ್ಟಿದ್ದೆ. ನಮ್ಮ ಕಾರಿನಲ್ಲಿ ಆ ಸಾಕೆಟ್ಟಿಗೂ ರೇಡಿಯೋಕ್ಕೂ ಎರಡು ಕನ್ನಡಿಗೂ ಸೇರಿ ಒಂದೇ ನೀಲಿ ಫ್ಯೂಸು. ಅದು ಹೋಯಿತು. ಬೆಳಿಗ್ಗೆ ಒಂದು ಕನ್ನಡಿ ಕೆಟ್ಟಿದ್ದ ಕಾರಿನಲ್ಲಿ ಈಗ ಎರಡೂ ಕೆಟ್ಟಿದ್ದವು.

"ಈಗ ಫ್ಯೂಸ್ ಬಾಕ್ಸ್ ತೆಗೆಯೋ ಅಗತ್ಯ ಇದೆ" ಎಂದಳು ಮಗಳು.

ಮುಚ್ಚಳದಲ್ಲೇ ಒಂದು ನೀಲಿ ಫ್ಯೂಸು ಹೆಚ್ಚುವರಿಯಾಗಿತ್ತು. ನನ್ನಂಥವರು ಇರುತ್ತಾರೆಂದು ಕಾರು ಮಾಡಿದವರಿಗೆ ಮೊದಲೇ ತಿಳಿದಿತ್ತು. ಬದಲಾಯಿಸಿ, ಬಲಗನ್ನಡಿಗೆ ಜೀವ ಬರಿಸಿ, ಊಟದ ಮೇಲೆ ಮುಖ್ಯ ತಪಾಸಣೆಗೆ ಇಳಿದೆ.

ಕನ್ನಡಿಯ ಬೆನ್ನಿಗೆ ಅಂಟಿಕೊಂಡಂತೆ ಎರಡು ಪುಟಾಣಿ ಮೋಟಾರುಗಳಿರುತ್ತವೆ. ಒಂದು ಮೇಲೆ-ಕೆಳಗೆ ಮಾಡುವುದು, ಇನ್ನೊಂದು ಆಚೆ-ಈಚೆ ಮಾಡುವುದು. ದಿಕ್ಕು ನಾಲ್ಕಾದರೂ ತಂತಿ ಮಾತ್ರ ಮೂರು: ಒಬ್ಬೊಬ್ಬರಿಗೆ ಒಂದೊಂದು, ಮೂರನೆಯದು ಇಬ್ಬರಿಗೂ ಸೇರಿದ ಕಾಮನ್ನು. ಎರಡು ಸಂಸಾರಕ್ಕೆ ಒಂದೇ ಹಿತ್ತಲ ಬಾಗಿಲು ಇದ್ದ ಹಾಗೆ. ಮೇಲೆ ಒತ್ತಿದರೆ ಕರೆಂಟು ಮುಂಬಾಗಿಲಿನಿಂದ ಬಂದು ಹಿತ್ತಲಿನಿಂದ ಹೋಗುತ್ತದೆ. ಕೆಳಗೆ ಒತ್ತಿದರೆ ಹಿತ್ತಲಿನಿಂದ ಬಂದು ಮುಂಬಾಗಿಲಿನಿಂದ ಹೋಗುತ್ತದೆ. ಕರೆಂಟಿನ ದಾರಿ ತಿರುಗಿದರೆ ಮೋಟಾರೂ ತಿರುಗುಮುರುಗಾಗಿ ಸುತ್ತುತ್ತದೆ. ಹೋದದ್ದು ಬಂದದ್ದು ಪೈಸೆ ಬಿಡದೆ ತಾಳೆಯಾಗಬೇಕು. ಇದನ್ನು ಓದಿದಾಗ, ಇದು ನಮ್ಮ ಜಮಾ-ಖರ್ಚೇ ಅಲ್ಲವೇ, ನನಗಿಂತ ಯೋಗ್ಯ ಯಾರು ಎನ್ನಿಸಿತು.

ಎಡಬಾಗಿಲು ತೆರೆದು, ಮೂಲೆಯ ತ್ರಿಕೋನದ ಪ್ಲಾಸ್ಟಿಕ್ಕನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿದೆ. ಅದರ ಹಿಂದಿದ್ದ ಕನೆಕ್ಟರ್ ಬಿಚ್ಚಿ, ಈ ಸಲ ಮಗಳ ಉಸ್ತುವಾರಿಯಲ್ಲಿ ಸರಿಯಾದ ತೂತಿಗೆ ವೈರು ಹಾಕಿ, ಕಡ್ಡಿಗಳನ್ನು ಹಿಡಿದೆ. ಡ್ರೈವರ್ ಸೀಟಿನಲ್ಲಿ ಹೆಂಡತಿ.

"ಮೇಲೆ ಒತ್ತು!" 12.2 ವೋಲ್ಟ್.

"ಕೆಳಗೆ ಒತ್ತು!" ಮೈನಸ್ 12.2.

"ಅಯ್ಯೋ, ಮೈನಸ್! ಖಾತೆ ಓವರ್‌ಡ್ರಾ ಆಗಿದೆ!" ಎಂದು ಕೂಗಿದೆ. ಅದು ದಾರಿ ತಿರುಗಿದ್ದರ ಗುರುತು, ಹಾಗೇ ಬರಬೇಕಾದದ್ದು ಎಂದು ಮಗಳು ಸಮಾಧಾನ ಹೇಳಿದಳು. "ಮೇಲೆ, ಕೆಳಗೆ, ಆಚೆ, ಈಚೆ" ಎಂದು ನಾನು ಅರಚುತ್ತಿದ್ದರೆ, ಗಂಡ ಹೆಂಡತಿಗೆ ಯೋಗಾಸನ ಹೇಳಿಕೊಡುತ್ತಿದ್ದಾರೆಂದು ಬೀದಿಗೆ ಹೊಸದಾಗಿ ಬಂದವರು ತಿಳಿದರಂತೆ.

"ಅತ್ತೆ ಹೇಳಿದ್ರಲ್ಲ, ಬಾಗಿಲು ಹಾಕಿ ಒಂದ್ಸಲ ನೋಡಿ" ಎಂದಳು ಹೆಂಡತಿ.

ನೋಡಿ, ನಾನು ಹಟಮಾರಿ ಅಲ್ಲ. ಕಾರೊಳಗೆ ಕೂತು, ಬಾಗಿಲು ಹಾಕಿಕೊಂಡು ಮತ್ತೆ ಅಳೆದೆ. 11.8. ತೆರೆದಾಗ 12.2, ಹಾಕಿದಾಗ 11.8. ವ್ಯತ್ಯಾಸ 0.4. ಅದನ್ನು ನಾನು ಏನು ಮಾಡಿದೆ ಗೊತ್ತೇ? ರೌಂಡಾಫ್ ಮಾಡಿದೆ. ಎರಡೂ ಕಡೆ ಹನ್ನೆರಡು ಎಂದು ಪುಸ್ತಕದಲ್ಲಿ ಬರೆದು, ಕೆಳಗೆ ಷರಾ ಹಾಕಿದೆ: "ಕರೆಂಟು ಕನ್ನಡಿಯ ಬಾಯಿವರೆಗೆ ಬರುತ್ತಿದೆ. ಸ್ವಿಚ್ಚು, ವೈರು ನಿರ್ದೋಷಿ. ಮೋಟಾರು ಎರಡೂ ಸತ್ತಿವೆ. ಸಾಕ್ಷಿ ನಂಬರ್ ಒಂದರ (ಅಮ್ಮ) ಹೇಳಿಕೆ ತಿರಸ್ಕೃತ."

ಕನೆಕ್ಟರ್ ವಾಪಸು ಸಿಕ್ಕಿಸಿ ಬಾಗಿಲು ತೆರೆದಿಟ್ಟುಕೊಂಡೇ ಸ್ವಿಚ್ಚು ಒತ್ತಿದ್ದರೆ ಅಂದೇ ಗುಟ್ಟು ರಟ್ಟಾಗುತ್ತಿತ್ತು. ಆದರೆ ನಮ್ಮ ಬೀದಿಯಲ್ಲಿ ಕಾರಿನ ಬಾಗಿಲು ತೆರೆದಿದ್ದರೆ ತರಕಾರಿ ಗಾಡಿ ದಾಟುವುದಿಲ್ಲ. ಗಾಡಿಯವನು "ಸೊಪ್ಪೂ" ಎಂದು ಕೂಗಿದ, ನಾನು ಬಾಗಿಲು ಹಾಕಿದೆ. ಒಂದು ಕಟ್ಟು ದಂಟಿನ ಸೊಪ್ಪಿನಿಂದ ನನ್ನ ಸತ್ಯಾನ್ವೇಷಣೆ ತಪ್ಪಿತು.

ಅಂದು ರಾತ್ರಿ ಸಮಾಧಾನಕ್ಕೆ ಕನ್ನಡಿಯ ಇತಿಹಾಸ ಓದಿದೆ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಐನೂರು ಮೈಲಿ ರೇಸು ನಡೆದಾಗ ಉಳಿದವರೆಲ್ಲ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ಕನನ್ನು ಕೂರಿಸಿಕೊಂಡಿದ್ದರು. ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳುವುದು ಅವನ ಕೆಲಸ. ನಮ್ಮ ಲಾರಿ ಕ್ಲೀನರಿನ ಪೂರ್ವಜ. ರೇ ಹ್ಯಾರನ್ ಎಂಬವನು ಒಬ್ಬನೇ ಕೂತು, ಬದಲಿಗೆ ಒಂದು ಕನ್ನಡಿ ಕಟ್ಟಿಕೊಂಡು ಬಂದು ಗೆದ್ದುಬಿಟ್ಟ. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಅದುರಿ ಅದುರಿ ಏನೂ ಕಾಣಲಿಲ್ಲವೆಂದು ಆಮೇಲೆ ಅವನೇ ಒಪ್ಪಿಕೊಂಡನಂತೆ. ಕೆಲಸ ಮಾಡದ ಕನ್ನಡಿ ಇಟ್ಟುಕೊಂಡೂ ಮನುಷ್ಯ ಮುಂದೆ ಬರಬಹುದು ಎಂದು ಹೆಂಡತಿಗೆ ಹೇಳಿದೆ.

"ಅದಕ್ಕಿಂತ ಮುಂಚೆ ಯಾರಿಗೂ ಹೊಳೆದಿರಲಿಲ್ವಾ?" ಎಂದಳು.

ಹೊಳೆದಿತ್ತು. ಅದನ್ನು ಹೇಳದೆ ಪುಟ ಮಗುಚಬೇಕೆಂದಿದ್ದೆ. ಡೊರೊತಿ ಲೆವಿಟ್ ಎಂಬ ಇಂಗ್ಲಿಷ್ ಹೆಂಗಸು 1909ರಲ್ಲೇ, ಕಾರು ಓಡಿಸುವ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿ, ಒಂದು ಹಿಡಿಕನ್ನಡಿ ಇಟ್ಟುಕೊಂಡಿರಿ, ಆಗಾಗ ಎತ್ತಿ ಹಿಂದೆ ನೋಡಿಕೊಳ್ಳಿ ಎಂದು ಬುದ್ಧಿ ಹೇಳಿದ್ದಳು.

"ಅಂದ್ರೆ ಹೆಂಗಸರು ಹೇಳಿದಾಗ ಯಾರೂ ಕೇಳಲಿಲ್ಲ, ಎರಡು ವರ್ಷ ಬಿಟ್ಟು ಗಂಡಸು ಮಾಡಿದಾಗ ಇತಿಹಾಸ ಆಯ್ತು" ಎಂದು ಅವಳು ದೀಪ ಆರಿಸಿದಳು. ಕತ್ತಲಲ್ಲಿ ನನಗೆ ಬೇಲೂರಿನ ದರ್ಪಣ ಸುಂದರಿ ನೆನಪಾದಳು. ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದು ನಿಂತಿದ್ದಾಳೆ, ಒಂದು ದಿನವೂ ಗಂಡನ ಎತ್ತರಕ್ಕೆ ತಿರುಗಿಸಬೇಕಾಗಿ ಬಂದಿಲ್ಲ. ಪುಣ್ಯವಂತೆ.

ಮಾರನೆಯ ದಿನದಿಂದ ಅಮ್ಮ ಡೊರೊತಿ ಲೆವಿಟ್ ಆದಳು. ದೇವರ ಮನೆಯ ಹಿಡಿಕನ್ನಡಿಯನ್ನು ತಂದು ಎಡ ಸೀಟಿನಲ್ಲಿ ಕೂತು, ಕಿಟಕಿಗೆ ಹಿಡಿದು ವರದಿ ಒಪ್ಪಿಸತೊಡಗಿದಳು: "ಒಬ್ಬ ಬಂದ… ಇಬ್ಬರು ಬಂದ್ರು… ಹೆಲ್ಮೆಟ್ ಇಲ್ಲ ಕಣೋ ಅವನಿಗೆ… ಪಾಪ, ಹಿಂದೆ ಮಗು ಬೇರೆ ಇದೆ." ಮಾಹಿತಿ ನಿಖರವಾಗಿತ್ತು. ಆದರೆ ಅಷ್ಟು ಮಾಹಿತಿ ಇಟ್ಟುಕೊಂಡು ಎಡಕ್ಕೆ ತಿರುಗುವ ಧೈರ್ಯ ಯಾರಿಗೂ ಬರುವುದಿಲ್ಲ.

ಮೋಟಾರು ಸತ್ತಿದೆ ಎಂದು ವರದಿ ಕೊಟ್ಟ ಮೇಲೆ ಕನ್ನಡಿ ತರಲೇಬೇಕು. ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ಕಾರಿನ ಯಾವ ಅಂಗ ಕೇಳಿದರೂ ಸಿಗುತ್ತದೆ, ಆದರೆ ಕೇಳುವುದಕ್ಕೆ ಬರಬೇಕು. "ಒಂದು ಎಡಗಡೆ ಕನ್ನಡಿ ಕೊಡಿ" ಎಂದೆ, ಕಾಫಿ ಕೊಡಿ ಎಂಬಂತೆ. "ಎಷ್ಟು ಪಿನ್ನು?" ಎಂದ ಅಂಗಡಿಯವನು. ಐದು ಎಂದು ತೋಚಿದ್ದು ಹೇಳಿದೆ. ತಂದು ನೋಡಿದರೆ ಅದು ಇಂಡಿಕೇಟರ್ ದೀಪವೂ ಇರುವ ದೊಡ್ಡ ಮಾಡೆಲ್ಲಿನದು. ನಮ್ಮದು ಬಡವರ ಮೂರು ಪಿನ್ನು. ಮತ್ತೆ ಹೋಗಿ ಬದಲಾಯಿಸಿದೆ. ಎರಡು ಸಾವಿರದ ಎಂಟುನೂರು. ಬಣ್ಣ ಬಿಳಿ, ನಮ್ಮ ಕಾರು ಬೂದು. ಹಾಕಿದ ಮೇಲೆ ಕಾರಿಗೆ ಒಂದು ಕಿವಿಗೆ ಹತ್ತಿ ಇಟ್ಟಂತೆ ಕಾಣಿಸಿತು.

ಹಾಕುವಾಗ ಮೂರು ನಟ್ಟಿನಲ್ಲಿ ಒಂದು ಕೈ ಜಾರಿ ಬಾಗಿಲ ಹೊಟ್ಟೆಯೊಳಗೆ ಬಿತ್ತು. ಇವತ್ತಿಗೂ ರಾಮಾಂಜನೇಯ ಗುಡ್ಡದ ಪಕ್ಕದ ಇಳಿಜಾರಿನಲ್ಲಿ ತಿರುಗಿದರೆ ಎಡಬಾಗಿಲು ಟಣ್ ಎನ್ನುತ್ತದೆ. ಅಮ್ಮ ಪ್ರತಿ ಸಲವೂ ಕೈಮುಗಿಯುತ್ತಾಳೆ.

ಹೊಸ ಕನ್ನಡಿ ಸಿಕ್ಕಿಸಿ, ಬಾಗಿಲು ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು, ಮನೆಮಂದಿಯನ್ನೆಲ್ಲ ಸಾಕ್ಷಿಗೆ ನಿಲ್ಲಿಸಿ ಸ್ವಿಚ್ಚು ಒತ್ತಿದೆ.

ಗುಂಯ್ ಎನ್ನಲಿಲ್ಲ.

ಯಾರೂ ಏನೂ ಮಾತಾಡಲಿಲ್ಲ. ಅದೇ ಹೆಚ್ಚು ನೋವು ಕೊಟ್ಟದ್ದು. ಕೊನೆಗೆ ಅಮ್ಮ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಎಂದು ಒಳಗೆ ಹೋದಳು.

ಸೋಮವಾರ ಕಾರನ್ನು ಆಟೋ ಎಲೆಕ್ಟ್ರಿಷಿಯನ್ ಭಾಯ್ ಹತ್ತಿರ ಒಯ್ದೆ. ಮರದ ಕೆಳಗಿನ ಅಂಗಡಿ, ಒಂದು ಬೆಂಚು, ಒಂದು ಬ್ಯಾಟರಿ. ನಾನು ಮೀಟರ್, ರೀಡಿಂಗ್ ಪುಸ್ತಕ, ಹಳೇ ಕನ್ನಡಿ ಮೂರನ್ನೂ ಬೆಂಚಿನ ಮೇಲಿಟ್ಟು ವರದಿ ಓದಿದೆ. ಅವರು ಬೀಡಿ ಆರಿಸಿ ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು.

"ಎರಡು ಮೋಟಾರ್ ಒಂದೇ ದಿನ ಯಾಕೆ ಸಾಯ್ತವೆ ಸಾರ್?"

ನಾನು ಬಾಯಿ ತೆರೆದೆ. ಮುಚ್ಚಿದೆ.

"ಎರಡೂ ಒಟ್ಟಿಗೆ ನಿಂತ್ವು ಅಂದ್ರೆ ಎರಡಕ್ಕೂ ಸೇರಿದ್ದು ಏನಿದೆ ನೋಡ್ಬೇಕು. ಕಾಮನ್ ಲೈನ್."

ಒಂದೇ ದಿನ ಎರಡು ಶಾಖೆಯಲ್ಲಿ ಹಣ ಕಾಣೆಯಾದರೆ ಎರಡಕ್ಕೂ ಹೋಗಿಬರುವ ಗುಮಾಸ್ತ ಯಾರೆಂದು ನೋಡಬೇಕು ಎಂದು ನಾನೇ ಕಿರಿಯರಿಗೆ ಪಾಠ ಹೇಳಿದವನು.

ಭಾಯ್ ನನ್ನ ಮೀಟರನ್ನು ಮುಟ್ಟಲಿಲ್ಲ. ಡಬ್ಬಿಯಿಂದ ಒಂದು ಹಳೆಯ ಐದು ವ್ಯಾಟಿನ ಬಲ್ಬು ತೆಗೆದರು. ಅದಕ್ಕೆ ಎರಡು ವೈರು, ತುದಿಗೆ ಎರಡು ಸೂಜಿ. ಕನೆಕ್ಟರಿಗೆ ಚುಚ್ಚಿ, ಬಾಗಿಲು ಹಾಕಿಸಿ, "ಒತ್ತಿ ಸಾರ್" ಎಂದರು. ಬಲ್ಬು ಹತ್ತಲಿಲ್ಲ. ಬಲ್ಬು ತೆಗೆದು ನನ್ನ ಮೀಟರ್ ಹಿಡಿದರೆ ಅಲ್ಲೇ 11.8! ಮತ್ತೆ ಬಲ್ಬು ಚುಚ್ಚಿ ಬಾಗಿಲು ತೆರೆಸಿದರು. ಬಲ್ಬು ಝಗ್ ಎಂದು ಹತ್ತಿತು. ಹಾಕಿದರು, ಆರಿತು. ತೆರೆದರು, ಹತ್ತಿತು. ಪಕ್ಕದಲ್ಲಿ ಅಮ್ಮ ಇರಲಿಲ್ಲ, ಅದೊಂದೇ ಪುಣ್ಯ.

"ಮೀಟರ್ ಸುಳ್ಳು ಹೇಳ್ತಾ?" ಎಂದೆ.

"ಸುಳ್ಳಲ್ಲ ಸಾರ್. ಮೀಟರ್ ಏನೂ ಕೇಳಲ್ಲ, ಇದೆಯಾ ಅಂತ ಇಣುಕಿ ನೋಡತ್ತೆ ಅಷ್ಟೇ. ಬಲ್ಬು ಕೇಳತ್ತೆ. ಕೇಳಿದ್ರೆ ತಾನೇ ಗೊತ್ತಾಗೋದು, ಕೊಡ್ತಾರಾ ಇಲ್ವಾ ಅಂತ?"

ಬಾಗಿಲು ಕಾರಿನ ಮೈಗೆ ಕೂಡುವಲ್ಲಿ, ಕೀಲುಗಳ ನಡುವೆ, ಆನೆಯ ಸೊಂಡಿಲಿನಂತೆ ಮಡಿಕೆ ಮಡಿಕೆಯ ಒಂದು ರಬ್ಬರ್ ಬೂಟು ಇರುತ್ತದೆ. ಭಾಯ್ ಅದನ್ನು ಹಿಂದಕ್ಕೆ ಸರಿಸಿದರು. ಒಳಗಿನ ವೈರುಗಳಲ್ಲಿ ಒಂದರ ಮೈ ಸೀಳಿತ್ತು. ಒಳಗಿನ ತಾಮ್ರದ ಎಳೆಗಳೆಲ್ಲ ಕತ್ತರಿಸಿ ಹಸಿರಾಗಿ ಕಿಲುಬು ಹಿಡಿದಿದ್ದವು. ಬಾಗಿಲು ತೆರೆದಾಗ ತುಂಡಾದ ತುದಿಗಳು ಒಂದಕ್ಕೊಂದು ಒತ್ತಿಕೊಳ್ಳುತ್ತಿದ್ದವು. ಹಾಕಿದಾಗ ದೂರವಾಗುತ್ತಿದ್ದವು, ನಡುವೆ ಉಳಿಯುತ್ತಿದ್ದದ್ದು ಕಿಲುಬು, ಒಂದಿಷ್ಟು ತೇವ. ಆ ಕಿಲುಬಿನ ಮೂಲಕ ಮೀಟರಿಗೆ ಬೇಕಾದ ಕರೆಂಟು, ಒಂದು ಆಂಪಿಯರಿನ ಲಕ್ಷದಲ್ಲೊಂದು ಪಾಲಿನಷ್ಟು, ತೆವಳಿಕೊಂಡು ಬರುತ್ತಿತ್ತು. ಮೋಟಾರಿಗೆ ಬೇಕಾದದ್ದು ಅದರ ಹತ್ತಾರು ಸಾವಿರ ಪಟ್ಟು. ಅಷ್ಟನ್ನು ಕಿಲುಬು ಎಲ್ಲಿಂದ ತಂದೀತು?

ಬೆಂಚಿನ ಮೇಲೆ ಕೂತು ನಾನು ಸಣ್ಣವನಾದೆ. ಪುಸ್ತಕದಲ್ಲಿ ಠೇವಣಿ ಹನ್ನೆರಡು ಎಂದು ತೋರಿಸುವ ಸಂಘಗಳನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಶಿಲ್ಕು ಸರಿಯಿರುತ್ತದೆ, ಮೊಹರು ಸರಿಯಿರುತ್ತದೆ. ಯಾರಾದರೂ ಬಡಪಾಯಿ ಮಗಳ ಮದುವೆಗೆ ಹಣ ಬಿಡಿಸಿಕೊಳ್ಳಲು ಬಂದ ದಿನ ಪೆಟ್ಟಿಗೆ ಖಾಲಿ. ಶಿಲ್ಕು ನೋಡಿ ನಂಬಬೇಡಿ, ಹಣ ತೆಗೆಸಿ ನೋಡಿ ಎಂದು ಬರೆದು ಬರೆದು ನನ್ನ ಪೆನ್ನು ಸವೆದಿದೆ. ನನ್ನ ಕಾರಿನ ಬಾಗಿಲಲ್ಲೇ ಅಂಥ ಸಂಘವೊಂದು ನಡೆಯುತ್ತಿತ್ತು, ನಾನು ಶಿಲ್ಕು ನೋಡಿ ಸಹಿ ಹಾಕಿದ್ದೆ. 0.4ರ ವ್ಯತ್ಯಾಸವನ್ನು ರೌಂಡಾಫ್ ಬೇರೆ ಮಾಡಿದ್ದೆ.

"ಇಲ್ಲೇ ಯಾಕೆ ಕಟ್ಟಾಯ್ತು ಭಾಯ್?"

"ದಿನಾ ಬಗ್ಗೋ ಜಾಗ ಅದೇ ತಾನೇ ಸಾರ್."

ದಿನಕ್ಕೆ ಆರು ಸಲ ಬಾಗಿಲು ತೆರೆದರೂ ಹತ್ತು ವರ್ಷಕ್ಕೆ 21,900 ಸಲ ಆ ವೈರು ಬಗ್ಗಿ ಎದ್ದಿದೆ. ಲೆಕ್ಕ ಹಾಕಿ ನೋಡಿದೆ. ಈ ಲೆಕ್ಕವಾದರೂ ಸರಿಯಿದೆ.

ಭಾಯ್ ಕೆಟ್ಟ ಭಾಗ ಕತ್ತರಿಸಿ, ಬಗ್ಗುವುದಕ್ಕೆ ಸಡಿಲವಿರಲೆಂದು ಒಂದು ಗೇಣು ಹೊಸ ವೈರು ಸೇರಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿ, ಬೂಟು ಮುಚ್ಚಿದರು. ಇಪ್ಪತ್ತು ನಿಮಿಷ. ಇನ್ನೂರೈವತ್ತು ರೂಪಾಯಿ. ಕೊಡುವ ಮುಂಚೆ ನನ್ನ ಹಳೇ ಬೂದು ಕನ್ನಡಿಯನ್ನೂ ಬ್ಯಾಟರಿಗೆ ಮುಟ್ಟಿಸಿ ನೋಡಿದರು. ಗುಂಯ್ ಎಂದು ಮೇಲೆ ಕೆಳಗೆ ಆಡಿತು, ಎಳೆಗರುವಿನ ಹಾಗೆ. ಅದನ್ನೇ ವಾಪಸು ಹಾಕಿದರು. "ಬಿಳೀದು ಇಟ್ಕೊಳ್ಳಿ ಸಾರ್, ಮುಂದೆ ಬೇಕಾಗತ್ತೆ" ಎಂದರು. ನನ್ನ ಡ್ರೈವಿಂಗ್ ನೋಡಿ ಹೇಳಿದ್ದೋ, ರಿಪೇರಿ ನೋಡಿ ಹೇಳಿದ್ದೋ ಕೇಳಲಿಲ್ಲ.

ಮನೆಯಲ್ಲಿ ವರದಿ ಒಪ್ಪಿಸಿದೆ. ಹೆಂಡತಿ ಖರ್ಚು ಬರೆದಳು: ಮೀಟರ್ ನಾನೂರು, ಕನ್ನಡಿ ಎರಡು ಸಾವಿರದ ಎಂಟುನೂರು, ಭಾಯ್ ಇನ್ನೂರೈವತ್ತು, ಒಟ್ಟು 3,450. "ಇದರಲ್ಲಿ ರಿಪೇರಿಗೆ ಹೋದದ್ದು ಇನ್ನೂರೈವತ್ತು. ಉಳಿದದ್ದು ಯಾವ ಬಾಬ್ತು ಬರೀಲಿ?"

"ತಪಾಸಣಾ ಶುಲ್ಕ" ಎಂದೆ.

ಅಮ್ಮನಿಗೆ ಕಿಲುಬಿನ ಸಂಗತಿ ಹೇಳಿದೆ. "ತಾಮ್ರ ಅಂದ್ಮೇಲೆ ಹಿಡಿಯಲ್ವೇ? ಹುಣಸೇಹಣ್ಣು ಹಾಕಿ ತಿಕ್ಕಬೇಕಿತ್ತು" ಎಂದಳು. ನಾನು ಹೇಳಿದ್ದು ಕೇಳಲಿಲ್ಲ ನೀನು ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ವಾದ ಮಾಡಬಹುದಿತ್ತು.

ಬಿಳಿ ಕನ್ನಡಿಯನ್ನು ಅವಳೇ ಕೇಳಿ ಇಸಿದುಕೊಂಡಳು. ಈಗ ಅದು ಹಾಲಿನ ಕಿಟಕಿ ಸರಳಿಗೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿಕೊಂಡು ಕೂತಿದೆ. ಮಂಡಿನೋವಿನ ಅವಳು ಕೂತಲ್ಲಿಂದ ಏಳದೆಯೇ ಗೇಟು, ಮೆಟ್ಟಿಲು, ಎದುರುಮನೆ ರಾಯರ ವರಾಂಡ, ಎಲ್ಲವನ್ನೂ ನೋಡುತ್ತಾಳೆ. ಕರೆಂಟು ಬೇಡ, ಬೆರಳಲ್ಲಿ ತಳ್ಳಿದರೆ ತಿರುಗುತ್ತದೆ. ಕೊರಿಯರಿನವನು ಗಂಟೆ ಒತ್ತುವ ಮುಂಚೆಯೇ ಒಳಗಿನಿಂದ "ಬಾಗಿಲು ತೆಗೀರೇ" ಎಂದು ಕೂಗು ಬರುತ್ತದೆ. ನಾನು ಮೆಟ್ಟಿಲಲ್ಲಿ ಕದ್ದು ಬೋಂಡ ತಿನ್ನುವುದು ನಿಂತಿದೆ.

ಮೊನ್ನೆ ಮಿಕ್ಸಿ ನಿಂತುಹೋಯಿತು. ಹೆಂಡತಿ ನನ್ನ ಮುಖ ನೋಡಿದಳು. ಮಗಳು ಓಡಿಹೋಗಿ ಮೀಟರ್ ಬಚ್ಚಿಟ್ಟಳು. ನಾನು ಯಾವುದಕ್ಕೂ ಕೈ ಹಾಕದೆ ನೇರ ಹಾಲಿಗೆ ಹೋಗಿ, ಪುಸ್ತಕ ಬಿಡಿಸಿ, ಪೆನ್ನು ಹಿಡಿದು ಹಾಸುಗಂಬಳಿಯ ಪಕ್ಕ ಕೂತೆ.

"ಅಮ್ಮಾ, ಮಿಕ್ಸಿ ನಿಂತಾಗ ನೀನೇನಾದ್ರೂ ನೋಡಿದ್ಯಾ?"

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಇಲ್ಲಪ್ಪ. ನಾನು ಆಗ ಕನ್ನಡಿ ನೋಡ್ತಿದ್ದೆ" ಎಂದಳು. "ರಾಯರ ಮನೆಗೆ ಹೊಸ ಬ್ಯಾಟರಿ ಬಂತು."